ಮೂರು ಅಂಗುಲದ ಎತ್ತರ

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವಿಲ್ಲದ ವಾಹನವು ಕಾಡುದಾರಿಗೆ ಒದಗದೆಂಬ ನಂಬಿಕೆಯೊಂದುಂಟು. 1967ರಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಮರುಭೂಮಿಯಲ್ಲಿ ಆ ನಂಬಿಕೆ ಸುಳ್ಳಾಯಿತು. ಟಿಹುವಾನಾದಿಂದ ಲಾ ಪಾಸ್‌ವರೆಗೆ ನಡೆದ ಪ್ರಥಮ 'ಮೆಕ್ಸಿಕನ್ 1000' ಪಂದ್ಯವನ್ನು ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗೆಲ್ಸ್ 27 ಗಂಟೆ 38 ನಿಮಿಷಗಳಲ್ಲಿ ಗೆದ್ದರು. ಅವರನ್ನು ಹೊತ್ತೋಡಿದ್ದು ಬ್ರೂಸ್ ಮೇಯರ್ಸ್ ನಿರ್ಮಿಸಿದ 'ಮೇಯರ್ಸ್ ಮ್ಯಾಂಕ್ಸ್' ಎಂಬ ಹಗುರವಾದ ಬಂಡಿ. ಅದಕ್ಕೆ ಚಾಲನೆ ಹಿಂದಿನ ಎರಡು ಚಕ್ರಗಳಿಂದ ಮಾತ್ರ.

ಇಂಥ ಪಂದ್ಯಗಳ ಹಾದಿಯನ್ನು ಮುಂಚಿತವಾಗಿ ಓಡಿ ನೋಡುವ ವಾಹನಕ್ಕೆ 'ಪ್ರಿರನ್ನರ್' ಎಂದು ಹೆಸರು. 1998ರಲ್ಲಿ ಟೊಯೋಟಾ ಸಂಸ್ಥೆಯು ತನ್ನ ಟಕೋಮಾ ಪಿಕಪ್ಪಿನ ಒಂದು ಮಾದರಿಗೆ ಇದೇ ಹೆಸರನ್ನಿಟ್ಟಿತು. ಅದರ ಚಾಲನೆ ಎರಡು ಚಕ್ರಗಳದು. ನಿಲುವು ಮಾತ್ರ ನಾಲ್ಕು ಚಕ್ರಗಳ ಬಲವುಳ್ಳ ಬಂಡಿಯದು. ಸಾಮಾನ್ಯ ಪಿಕಪ್ಪಿಗೂ ಅಂಥ ನಿಲುವನ್ನು ತಂದುಕೊಡುವ ಹವ್ಯಾಸ ಅಮೆರಿಕದಲ್ಲಿ ಬಹುಕಾಲದಿಂದ ಬೆಳೆದುಬಂದಿದೆ.

ಮುಂಭಾಗದ ಕೆಲಸ

1983ರಿಂದ 1997ರವರೆಗಿನ ಫೋರ್ಡ್ ರೇಂಜರ್ ಪಿಕಪ್ಪನ್ನೇ ನೋಡಬಹುದು. ಅದರ ಮುಂದಿನ ಒಂದೊಂದು ಚಕ್ರವೂ ಒಂದೊಂದು ಉಕ್ಕಿನ ತೊಲೆಯ ತುದಿಯಲ್ಲಿದೆ. ತೊಲೆಯ ಇನ್ನೊಂದು ತುದಿ ಎದುರು ಬದಿಯಲ್ಲಿ ಛಾಸಿಗೆ ಕೀಲುಗೊಂಡಿದೆ. ನಡುವೆ ಭಾರ ಹೊರುವುದು ಸುರುಳಿ ಸ್ಪ್ರಿಂಗು. ಎಂಜಿನಿನ ಬಲ ಮುಂದಿನ ಚಕ್ರಗಳಿಗೆ ಹೋಗದ ಕಾರಣ, ಅಲ್ಲಿ ಚಾಲಕ ದಂಡಗಳ ತೊಡಕಿಲ್ಲ. ಎರಡು ಚಕ್ರದ ಬಂಡಿಗೆ ಇದೊಂದು ಅನುಕೂಲ.

ಆದರೆ ಉದ್ದನೆಯ ಸ್ಪ್ರಿಂಗನ್ನು ಕೂರಿಸಿದೊಡನೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಛಾಸಿ ಮೇಲೇರಿದಷ್ಟೂ ತೊಲೆ ಕೆಳಗಿಳಿದು, ಚಕ್ರದ ನೆತ್ತಿ ಹೊರಕ್ಕೆ ವಾಲುತ್ತದೆ. ಟೈರಿನ ಹೊರ ಅಂಚು ಬೇಗನೆ ಸವೆಯುತ್ತದೆ. ತೊಲೆಯ ಕೀಲುಗಳನ್ನೂ ತಕ್ಕಷ್ಟು ಕೆಳಗಿಳಿಸಿದರೆ ಮಾತ್ರ ಚಕ್ರ ನೆಟ್ಟಗೆ ನಿಲ್ಲುತ್ತದೆ. ಬ್ರೇಕಿನ ರಬ್ಬರು ಕೊಳವೆ, ಷಾಕ್ ಅಬ್ಸಾರ್ಬರ್‌ಗಳೂ ಹೊಸ ಅಳತೆಗೆ ಸಾಲುವಂತಿರಬೇಕು. ಕೆಲಸದ ವೇಳೆ ಬಂಡಿಯನ್ನು ಜಾಕಿನ ಮೇಲಷ್ಟೇ ನಂಬಿ ಬಿಡದೆ, ಗಟ್ಟಿ ಆಧಾರಗಳ ಮೇಲೆ ನಿಲ್ಲಿಸುವುದು ಪ್ರಥಮ ನಿಯಮ. ಅದುಮಿದ ಸ್ಪ್ರಿಂಗು ಒಮ್ಮೆಗೇ ಸಿಡಿದರೆ ಪ್ರಾಣಕ್ಕೇ ಅಪಾಯ.

ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗಿಗೆ ಮತ್ತೊಂದು ಪಟ್ಟಿಯನ್ನು ಸೇರಿಸುವುದುಂಟು. ಇಲ್ಲವೇ ಆಕ್ಸಲಿನ ಮೇಲೆ ಲೋಹದ ದಿಮ್ಮಿಯನ್ನಿಟ್ಟು, ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವುದುಂಟು. ಆಗ ಚಾಲಕ ದಂಡದ ಇಳಿಜಾರು ಹೆಚ್ಚಿ ನಡುಕ ತೋರಬಹುದು. ಕೆಲವು ನೂರು ಮೈಲಿ ಓಡಿದ ಬಳಿಕ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು.

ಎತ್ತರದ ಬೆಲೆ

ಇಷ್ಟೆಲ್ಲ ಶ್ರಮದ ಮೇಲೂ ಆಕ್ಸಲಿನ ನಡುವಣ ಗುಂಡು ಇದ್ದಲ್ಲಿಯೇ ಇರುತ್ತದೆ. ಅದನ್ನು ಮೇಲೇರಿಸಬಲ್ಲದ್ದು ದೊಡ್ಡ ಟೈರು ಮಾತ್ರ. 28 ಅಂಗುಲದ ಟೈರಿನ ಬದಲು 31 ಅಂಗುಲದ್ದನ್ನು ತೊಡಿಸಿದರೆ ಅಲ್ಲಿ ದೊರೆಯುವ ಲಾಭ ಒಂದೂವರೆ ಅಂಗುಲ. ಆ ಟೈರಿಗೆ ಎಡೆಮಾಡಿಕೊಡುವುದೇ ಸ್ಪ್ರಿಂಗಿನ ಎತ್ತರದ ನಿಜವಾದ ಉಪಯೋಗ.

ಈ ಲಾಭಕ್ಕೆ ತೆರುವ ಬೆಲೆಯನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಎಡಬಲ ಚಕ್ರಗಳ ನಡುವಣ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ, ಬಂಡಿಯ ಸ್ಥಿರತೆಯ ಅಂಕ ದೊರೆಯುತ್ತದೆ. ಅಗಲ 60 ಅಂಗುಲ, ಭಾರಕೇಂದ್ರ 27 ಅಂಗುಲ ಎತ್ತರದಲ್ಲಿದ್ದರೆ ಅಂಕ 1.11. ಭಾರಕೇಂದ್ರ ಮೂರು ಅಂಗುಲ ಏರಿತೆಂದರೆ ಅಂಕ 1.00ಕ್ಕೆ ಇಳಿಯುತ್ತದೆ. ನಿನ್ನೆಯವರೆಗೆ ನಿರಾತಂಕವಾಗಿ ದಾಟಿದ್ದ ತಿರುವಿನಲ್ಲಿ ಅದೇ ವೇಗವು ಇಂದು ಬಂಡಿಯನ್ನು ಉರುಳಿಸಬಹುದು. ಅದರೊಳಗೆ ಹೆಂಡತಿ ಮಕ್ಕಳೂ ಕುಳಿತಿರಬಹುದು.

ಎತ್ತರವು ಕಲ್ಲನ್ನು ದಾಟಿಸೀತು. ಜಾರುವ ಚಕ್ರಕ್ಕೆ ಹಿಡಿತವನ್ನು ಕೊಡಲಾರದು. ಮರಳಿನಲ್ಲಿ ಸಿಕ್ಕಿಕೊಂಡ ಎರಡು ಚಕ್ರದ ಬಂಡಿಗೆ, ಟೈರಿನ ಗಾಳಿಯನ್ನು ಕೊಂಚ ಇಳಿಸುವುದೇ ಅನೇಕ ವೇಳೆ ಹೊಸ ಸ್ಪ್ರಿಂಗಿಗಿಂತ ಹೆಚ್ಚು ನೆರವಾಗುತ್ತದೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಗಟ್ಟಿ ರಸ್ತೆ ಸಿಕ್ಕೊಡನೆ ಮರೆಯದೆ ಗಾಳಿ ತುಂಬಿಸಿಕೊಂಡರಾಯಿತು.