ಆಧಾರಸ್ವರ ಬಿಟ್ಟ ಶಿಷ್ಯ

ತಂಬೂರಿಯ ಷಡ್ಜವೇ ಇಲ್ಲವಾದರೆ ಹಾಡುಗಾರ ಎಲ್ಲಿ ನಿಲ್ಲಬೇಕು? ಪಾಶ್ಚಾತ್ಯ ಸಂಗೀತದಲ್ಲಿ ತಂಬೂರಿ ಇಲ್ಲದಿದ್ದರೂ ಆಧಾರಸ್ವರವೊಂದು ಉಂಟು. ಕೃತಿ ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಅಲ್ಲಿಗೇ ಮರಳಬೇಕೆಂಬುದು ಅಲ್ಲಿ ಶತಮಾನಗಳ ರೂಢಿ. ಆ ರೂಢಿಯನ್ನು ಬಿಟ್ಟ ಸಂಗೀತವೇ ‘ಅಟೋನಲ್’ ಸಂಗೀತ. ಇಲ್ಲಿ 12 ಸ್ವರಸ್ಥಾನಗಳಲ್ಲಿ ಯಾವುದೂ ಯಜಮಾನನಲ್ಲ.

ಇದು ನಿಯಮ ತಿಳಿಯದವರ ಹುಚ್ಚಾಟ ಎಂಬ ಆಕ್ಷೇಪ ಹಳೆಯದು. ವಿಯೆನ್ನಾದ ಆಲ್ಬನ್ ಬರ್ಗ್ ಕಲಿತ ಬಗೆ ಈ ಮಾತನ್ನು ಸುಳ್ಳಾಗಿಸುತ್ತದೆ. 1904ರಲ್ಲಿ, 19ರ ಹರೆಯದಲ್ಲಿ, ಆರ್ನಾಲ್ಡ್ ಷೋನ್‌ಬರ್ಗ್ ಬಳಿಗೆ ಬಂದಾಗ ಆತ ಸರ್ಕಾರಿ ಕಚೇರಿಯಲ್ಲಿ ಸಂಬಳವಿಲ್ಲದ ಉಮೇದುವಾರ. ಗುರು ಮೊದಮೊದಲು ಶುಲ್ಕ ಕೇಳಲಿಲ್ಲ. ಹುಡುಗನಿಗೆ ಬರುತ್ತಿದ್ದುದು ಹಾಡು ಕಟ್ಟುವುದೊಂದೇ. ವಾದ್ಯಕ್ಕೆಂದು ರಚಿಸಲು ಅವನಿಂದ ಆಗುತ್ತಿರಲಿಲ್ಲವೆಂದು ಷೋನ್‌ಬರ್ಗ್ 1910ರಲ್ಲಿ ಪ್ರಕಾಶಕನಿಗೆ ಬರೆದ. ಹೀಗಾಗಿ ಮೊದಲ ವರ್ಷಗಳು ಹಾರ್ಮನಿಯ ಅಭ್ಯಾಸಕ್ಕೂ ಒಂದು ಸ್ವರಧಾರೆಯ ಜೊತೆಗೆ ಇನ್ನೊಂದನ್ನು ಹೆಣೆಯುವ ಕೌಂಟರ್‌ಪಾಯಿಂಟಿಗೂ ಸಂದವು.

1908ರಲ್ಲಿ ಗುರುವೇ ತನ್ನ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಗೆರೆ ದಾಟಿದ. ಶಿಷ್ಯ ಒಂದೊಂದೇ ಹೆಜ್ಜೆ ಇಟ್ಟ. ಆತನ ಮೊದಲ ಪ್ರಕಟಿತ ಕೃತಿಯಾದ ಪಿಯಾನೊ ಸೊನಾಟಾ ದೂರ ದೂರ ಅಲೆದರೂ ಬಿ ಮೈನರ್‌ಗೆ ಮರಳುತ್ತದೆ. ಎರಡನೆಯ ಕೃತಿಯಲ್ಲಿ ನಾಲ್ಕು ಹಾಡುಗಳು. ಮೊದಲ ಮೂರರ ಸ್ವರಲಿಪಿಯಲ್ಲಿ ಶ್ರುತಿಯ ಗುರುತು ಉಂಟು, ನಾಲ್ಕನೆಯದರಲ್ಲಿ ಇಲ್ಲ. ಹಾಗಾದರೆ ಅದನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಹಾಡಿನ ಕೊನೆಯಲ್ಲಿ ಪಿಯಾನೊದ ಮೇಲಿನ ಸ್ವರಗಳು ಅರ್ಧರ್ಧ ಸ್ವರವಾಗಿ ಇಳಿಯುತ್ತವೆ. ಕೆಳಗಿನ ಸ್ವರ ಪ್ರತಿ ಸಲವೂ ಷಡ್ಜದಿಂದ ಶುದ್ಧ ಮಧ್ಯಮದಷ್ಟು ದೂರ ಏರುತ್ತದೆ. ಊರು ತಿಳಿಯದಿದ್ದರೂ ನಡಿಗೆಯ ಅಳತೆ ತಪ್ಪದು. ಕೌಂಟರ್‌ಪಾಯಿಂಟಿನ ಪಾಠ ನೆರವಿಗೆ ಬಂದದ್ದು ಇಲ್ಲಿಯೇ.

ಕೇಳುಗರು ಇದನ್ನು ಸುಲಭವಾಗಿ ಒಪ್ಪಲಿಲ್ಲ. 1913ರ ಮಾರ್ಚ್ 31ರಂದು ವಿಯೆನ್ನಾದಲ್ಲಿ ಷೋನ್‌ಬರ್ಗ್ ನಡೆಸಿದ ಕಛೇರಿ, ಬರ್ಗ್‌ನ ಹಾಡುಗಳು ಬರುವಷ್ಟರಲ್ಲಿ ಗದ್ದಲ, ಹೊಡೆದಾಟಗಳಿಂದ ಅರ್ಧಕ್ಕೇ ನಿಂತಿತು. ಬರ್ಗ್ ದಾರಿ ಬದಲಿಸಲಿಲ್ಲ. 1925ರಲ್ಲಿ ಬರ್ಲಿನ್‌ನಲ್ಲಿ ರಂಗವೇರಿದ ಆತನ ‘ವೊಝೆಕ್’ ಒಪೆರಾ ಯುರೋಪನ್ನೇ ಗೆದ್ದಿತು. ಬಡ ಸೈನಿಕನೊಬ್ಬನ ದುರಂತವನ್ನು ಹೇಳುವ ಆ ಕೃತಿಯಲ್ಲಿ ಆಧಾರಸ್ವರದ ಹಿಡಿತ ಅಪರೂಪ. ಆದರೆ ವೈದ್ಯನ ದೃಶ್ಯ ನಿಂತಿರುವುದು ಪಾಸಕಾಲಿಯಾ ಎಂಬ ಹಳೆಯ ಕಟ್ಟಿನ ಮೇಲೆ: ಒಂದೇ ಸ್ವರಪಂಕ್ತಿ, ಅದರ ಮೇಲೆ 21 ಮಾರ್ಪಾಡುಗಳು. ಆ ಪಂಕ್ತಿಯಲ್ಲಿರುವುದು 12 ಸ್ವರಗಳು.