ಮಣ್ಣಿನಲ್ಲಿ ಹೂತ ಹಣದ ಲೆಕ್ಕ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಾಲ್ಕು ಮಂದಿ ಹಿರಿಯರು ಕಲೆತರೆಂದರೆ ಭೂಮಿಯ ಬೆಲೆಯ ಪುರಾಣವೊಂದು ಹೊರಬೀಳದೆ ಮಾತು ಮುಗಿಯುವುದಿಲ್ಲ. ೧೯೪೮ರಲ್ಲಿ ಜಯನಗರ ಹುಟ್ಟಿದಾಗ ಸಾವಿರ ರೂಪಾಯಿಗೆ ಕೊಂಡ ನಿವೇಶನವು ಮುಂದೆ ಕೋಟಿಗೆ ಹೋಯಿತೆಂದು ಒಬ್ಬರು ಹೇಳಿದರೆ, ಆ ಅವಕಾಶವನ್ನು ಕೈಬಿಟ್ಟವರ ದೌರ್ಭಾಗ್ಯವನ್ನು ಮತ್ತೊಬ್ಬರು ವರ್ಣಿಸುತ್ತಾರೆ. ಕಥೆ ನಿಜವೆಂದೇ ಒಪ್ಪಿದರೂ, ಸಾವಿರವು ಎಪ್ಪತ್ತೈದು ವರ್ಷಗಳಲ್ಲಿ ಕೋಟಿಯಾಗಲು ಸುಮಾರು ಶೇಕಡ ೧೩ರ ಚಕ್ರಬಡ್ಡಿ ಸಾಕು. ಹತ್ತು ಸಾವಿರ ಪಟ್ಟು ಎಂದಾಗ ಅರಳುವ ಕಣ್ಣು ಹದಿಮೂರು ಎಂದಾಗ ಅಷ್ಟು ಅರಳುವುದಿಲ್ಲ!

ಮಧ್ಯಮವರ್ಗದ ಸಂಸಾರದಲ್ಲಿ ನಿವೇಶನದ ಹಣವೆಂದರೆ ಬಹುಮಟ್ಟಿಗೆ ಭವಿಷ್ಯನಿಧಿ, ಗೃಹಿಣಿಯ ಒಡವೆ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ತೆಗೆದಿರಿಸಿದ ಗಂಟು. ಅದು ನಿಜವಾಗಿ ಎಷ್ಟು ಬೆಳೆಯಿತೆಂಬುದನ್ನು ಕೊಂಡ ಬೆಲೆ, ಮಾರಿದ ಬೆಲೆಗಳೆರಡೇ ಹೇಳಲಾರವು. ಒಬ್ಬ ಗೃಹಸ್ಥರು ೨೦೦೫ರಲ್ಲಿ ಹತ್ತು ಲಕ್ಷಕ್ಕೆ ನಿವೇಶನ ಕೊಂಡು ೨೦೨೫ರಲ್ಲಿ ಎಂಬತ್ತು ಲಕ್ಷಕ್ಕೆ ಮಾರಿದರೆನ್ನಿ. ಎಂಟು ಪಟ್ಟೆಂದರೆ ಇಪ್ಪತ್ತು ವರ್ಷಗಳಲ್ಲಿ ಮೂರು ಸಲ ಇಮ್ಮಡಿ; ಒಂದೊಂದಕ್ಕೆ ಆರು ವರ್ಷ ಎಂಟು ತಿಂಗಳು. ಇಮ್ಮಡಿಯಾಗಲು ಹಿಡಿದ ವರ್ಷಗಳಿಂದ ೭೨ನ್ನು ಭಾಗಿಸಿದರೆ ವಾರ್ಷಿಕ ಬಡ್ಡಿ ಸ್ಥೂಲವಾಗಿ ದೊರೆಯುತ್ತದೆ. ಇಲ್ಲಿ ಸುಮಾರು ಶೇಕಡ ೧೧.

ಇನ್ನು ಮರೆತ ಬಾಬುಗಳು. ಕೊಳ್ಳುವಾಗ ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಶುಲ್ಕಗಳಿಗೆ ಒಂದು ಲಕ್ಷ. ಮಾರುವಾಗ ದಲ್ಲಾಳಿಗೆ ಶೇಕಡ ಎರಡರಂತೆ ಒಂದು ಲಕ್ಷ ಅರವತ್ತು ಸಾವಿರ. ೨೦೨೪ರ ಜುಲೈ ೨೩ರಿಂದ ಜಾರಿಗೆ ಬಂದ ನಿಯಮದಂತೆ ದೀರ್ಘಾವಧಿಯ ಲಾಭದ ಮೇಲೆ ಶೇಕಡ ೧೨.೫ ತೆರಿಗೆ, ಸುಮಾರು ಎಂಟು ಲಕ್ಷ ನಲವತ್ತು ಸಾವಿರ. ಮೇಲ್ತೆರಿಗೆ, ಸೆಸ್ಸುಗಳು ಬೇರೆ. ಅದಕ್ಕೂ ಮೊದಲು ಕೊಂಡ ಆಸ್ತಿಯಾದುದರಿಂದ, ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿ ಶೇಕಡ ೨೦ರಂತೆ ಕಟ್ಟುವ ಹಳೆಯ ಲೆಕ್ಕವನ್ನೂ ಇವರು ಪರಿಶೀಲಿಸಬಹುದು. ಆದರೆ ಆ ದಾರಿಯಲ್ಲಿ ತೆರಿಗೆ ಎಂಟು ಲಕ್ಷ ಅರವತ್ತು ಸಾವಿರವಾಗಿ, ಇಪ್ಪತ್ತು ಸಾವಿರ ಹೆಚ್ಚೇ ಆಗುತ್ತದೆ. ಕೊನೆಗೆ ಹನ್ನೊಂದು ಲಕ್ಷ ಎಪ್ಪತ್ತು ಲಕ್ಷವಾಯಿತು. ವರ್ಷಕ್ಕೆ ಶೇಕಡ ೯.೭. ಪ್ರತಿವರ್ಷದ ಕಂದಾಯ, ಬೇಲಿ, ಗಿಡಗಂಟಿ ಕಡಿಸಿದ ಕೂಲಿಯನ್ನು ಇನ್ನೂ ಕಳೆದಿಲ್ಲ. ಇಷ್ಟೂ ಸೇರಿದಂತೆ ಚೀಟಿ ಬರೆದಿಟ್ಟವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು.

ರೂಪಾಯಿಯೂ ಈ ನಡುವೆ ಸುಮ್ಮನಿರಲಿಲ್ಲ. ಆದಾಯ ತೆರಿಗೆಗಾಗಿ ಸರ್ಕಾರ ಪ್ರಕಟಿಸುವ ಹಣದುಬ್ಬರ ಸೂಚ್ಯಂಕ ೨೦೦೫-೦೬ರಲ್ಲಿ ೧೧೭ ಇದ್ದುದು ೨೦೨೫-೨೬ಕ್ಕೆ ೩೭೬ ಆಯಿತು. ಎಂದರೆ ವರ್ಷಕ್ಕೆ ಸುಮಾರು ಶೇಕಡ ೬. ಈ ಸೂಚ್ಯಂಕವಾದರೂ ಗ್ರಾಹಕ ಬೆಲೆಗಳ ಏರಿಕೆಯಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಹಿಡಿಯತಕ್ಕದ್ದು. ಅಂತೂ ಗೃಹಸ್ಥರ ಕೊಳ್ಳುವ ಶಕ್ತಿ ವರ್ಷಕ್ಕೆ ಬೆಳೆದದ್ದು ಹೆಚ್ಚೆಂದರೆ ಮೂರೂವರೆ ಪಾಲು. ಇದು ನಷ್ಟವಲ್ಲ, ಆದರೆ ಪುರಾಣವೂ ಅಲ್ಲ.

ಬಾಡಿಗೆಯ ಮನೆಯ ಲೆಕ್ಕ ಬೇರೆ. ಕೋಟಿ ರೂಪಾಯಿಯ ಮನೆಗೆ ತಿಂಗಳಿಗೆ ಇಪ್ಪತ್ತೈದು ಸಾವಿರ ಬಂದರೆ ವರ್ಷಕ್ಕೆ ಶೇಕಡ ೩. ಸುಣ್ಣಬಣ್ಣ, ಕಂದಾಯ, ಬಾಗಿಲಿಗೆ ಬೀಗ ಬಿದ್ದ ತಿಂಗಳುಗಳನ್ನು ಕಳೆದರೆ ಇನ್ನೂ ಕಡಿಮೆ. ಅದೇ ಮನೆಗೆ ಅರವತ್ತು ಲಕ್ಷ ಸಾಲವನ್ನು ಶೇಕಡ ೮.೫ರಂತೆ ಇಪ್ಪತ್ತು ವರ್ಷಕ್ಕೆ ತಂದವರು ತಿಂಗಳಿಗೆ ಸುಮಾರು ಐವತ್ತೆರಡು ಸಾವಿರ ಕಟ್ಟಬೇಕು. ಬಡ್ಡಿಯೇ ಅರವತ್ತೈದು ಲಕ್ಷ. ತಾವೇ ವಾಸಿಸುವವರ ಮಾತು ಬೇರೆ. ಉಳಿದ ಬಾಡಿಗೆಯೂ ಅವರ ಗಳಿಕೆಯೇ. ಮನೆಯೊಡೆಯನ ನೋಟೀಸಿನ ಭಯವಿಲ್ಲದ ನಿದ್ರೆಗೆ ಶೇಕಡ ಎಷ್ಟೆಂದು ಹಾಕುವುದು ಅವರವರಿಗೆ ಬಿಟ್ಟದ್ದು.

ನಡುರಾತ್ರಿಯಲ್ಲಿ ಆಸ್ಪತ್ರೆಯವರು ಮುಂಗಡ ಕೇಳಿದಾಗ ನಿವೇಶನದ ಈಶಾನ್ಯ ಮೂಲೆಯನ್ನು ಕತ್ತರಿಸಿ ಕೊಡಲಾಗದು. ಅವಸರದಲ್ಲಿ ಮಾರುವವನ ಬೆಲೆಯನ್ನು ಕೊಳ್ಳುವವನೇ ಕಟ್ಟುತ್ತಾನೆ. ಇದಕ್ಕಿಂತಲೂ ದುಬಾರಿಯಾದದ್ದು ತಡ. ಕ್ರಯಪತ್ರದಲ್ಲೊಂದು ತೊಡಕು, ಖಾತೆಯಲ್ಲೊಂದು ತಪ್ಪು, ದಾಯಾದಿಯೊಬ್ಬನ ತಕರಾರು, ಇವುಗಳಿಂದ ಮೇಲಿನ ಮಾರಾಟ ಐದು ವರ್ಷ ಮುಂದೆ ಹೋಯಿತೆಂದುಕೊಂಡರೆ, ಕೈಗೆ ಬರುವ ಎಪ್ಪತ್ತು ಲಕ್ಷದಲ್ಲಿ ಒಂದು ಕಾಸೂ ಕಡಿಮೆಯಾಗದಿದ್ದರೂ ಶೇಕಡ ೯.೭ ಇದ್ದ ಗಳಿಕೆ ೭.೭ಕ್ಕೆ ಇಳಿಯುತ್ತದೆ. ನ್ಯಾಯಾಲಯದ ಖರ್ಚು ಇದರಲ್ಲಿ ಸೇರಿಲ್ಲ.