ಪ್ರಾಯದ ಮರೆವೆಲ್ಲ ಅರಳು ಮರಳಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮ ಕಾಸರಗೋಡಿನ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅಜ್ಜ ಕನ್ನಡಕ ಇಟ್ಟ ಜಾಗ ಮರೆತರೂ ಅದೇ ಮಾತು, ಅಜ್ಜಿ ಮೊಮ್ಮಗಳ ಹೆಸರು ಮರೆತರೂ ಅದೇ ಮಾತು. ಇದರಿಂದ ಒಂದು ನಷ್ಟವಿದೆ. ಸರಿಪಡಿಸಬಹುದಾದ ಮರೆವೂ ಪ್ರಾಯದ ಲೆಕ್ಕಕ್ಕೆ ಸೇರಿ, ಮದ್ದಿಲ್ಲದೆ ಉಳಿದುಬಿಡುತ್ತದೆ.

ಸುದ್ದಿ ಮುಟ್ಟಿಸುವ ರಾಸಾಯನಿಕ

ನಮ್ಮ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಬಹುಪಾಲು ರಾಸಾಯನಿಕಗಳ ಮೂಲಕ. ನರಗಳು ಹೀಗೆ ಕೆಲಸ ಮಾಡುತ್ತವೆ ಎಂಬುದನ್ನು 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟೋ ಲೋವಿ ಎರಡು ಕಪ್ಪೆಗಳ ಹೃದಯ ಬಳಸಿ ತೋರಿಸಿದರು. ಒಂದು ಹೃದಯದ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಅದರಲ್ಲಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಆ ದ್ರವದಲ್ಲಿದ್ದ ವಸ್ತು ಅಸಿಟೈಲ್‌ಕೋಲಿನ್. ಮಿದುಳಿನಲ್ಲಿ ಹೊಸ ವಿಷಯಕ್ಕೆ ಗಮನ ಕೊಡಲು, ಅದನ್ನು ನೆನಪಿನಲ್ಲಿ ಉಳಿಸಿಕೊಳ್ಳಲು ನೆರವಾಗುವುದೂ ಇದೇ.

ಪ್ರಾಯವಾದಂತೆ ಇದರ ಮತ್ತು ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕದ ಕೆಲಸ ಕುಗ್ಗುತ್ತದೆ. ಹೆಸರು ನಾಲಗೆ ತುದಿಗೆ ಬಂದು ನಿಲ್ಲುವುದು, ಹೊಸದನ್ನು ಕಲಿಯಲು ಹೊತ್ತು ಹಿಡಿಯುವುದು ಸಹಜ. ಪದಸಂಪತ್ತು, ಕೈಗೆ ಕೂತ ಕೆಲಸ ಅಷ್ಟು ಬೇಗ ಹೋಗುವುದಿಲ್ಲ. ಆಲ್ಝೈಮರ್ ಕಾಯಿಲೆಯ ಕತೆ ಬೇರೆ. ಅದರಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕೋಶಗಳೇ ನಾಶವಾಗುತ್ತವೆ. ಡೊನೆಪೆಜಿಲ್ ಮಾತ್ರೆ ಇದ್ದಷ್ಟು ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ನೋಡಿಕೊಳ್ಳುತ್ತದೆ. ಕೆಲವರಿಗೆ ಸ್ವಲ್ಪ ಗುಣ ಕಾಣುತ್ತದೆ, ಆದರೆ ಅದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ.

ಮಾತ್ರೆಯೂ ಕಾರಣವಾಗಬಹುದು

ಕೆಲವು ಮದ್ದುಗಳು ಇದೇ ಅಸಿಟೈಲ್‌ಕೋಲಿನ್ನಿಗೆ ಅಡ್ಡ ನಿಲ್ಲುತ್ತವೆ. ಶೀತ, ತುರಿಕೆಗೆ ಕೊಡುವ, ನಿದ್ದೆ ತರಿಸುವ ಕ್ಲೋರ್‌ಫೆನಿರಮಿನ್, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಈ ಗುಂಪಿನವು. ಪ್ರಾಯದವರಲ್ಲಿ ಇವು ಬಾಯಿ ಒಣಗಿಸುವುದಲ್ಲದೆ ಮರೆವು, ಗಲಿಬಿಲಿಯನ್ನೂ ತರಬಹುದು. ಇಂಥ ಎರಡು ಮೂರು ಮಾತ್ರೆ ಒಟ್ಟಿಗೆ ಸೇರಿದರೆ ತೊಂದರೆ ಹೆಚ್ಚು. ಹಾಗೆಂದು ಯಾವುದನ್ನೂ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಕುಗ್ಗುವಿಕೆ ಮತ್ತು ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಮೊದಲೆರಡನ್ನು ರಕ್ತ ಪರೀಕ್ಷೆಯಲ್ಲಿ ತಿಳಿಯಬಹುದು. ಮೂರಕ್ಕೂ ಚಿಕಿತ್ಸೆ ಇದೆ. ಒಂದೆರಡು ದಿನಗಳಲ್ಲೇ ಹಠಾತ್ ಗಲಿಬಿಲಿ ಕಂಡರೆ ಸೋಂಕಿನಂಥ ಕಾರಣ ಇರಬಹುದು. ಆಗ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಮ್ಮ ಭಾಷೆಗಳ ಲಾಭ

2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳ ಅಧ್ಯಯನ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬದುಕಿದ ನಮ್ಮ ಹಿರಿಯರಿಗೆ ಇದು ಸಮಾಧಾನದ ಸುದ್ದಿ. ಆದರೆ ಹಲವು ಭಾಷೆ ಬಂದರೆ ಕಾಯಿಲೆ ಬರುವುದೇ ಇಲ್ಲ ಎಂದು ಇದರ ಅರ್ಥವಲ್ಲ.

ನೆನಪಿನ ಪರೀಕ್ಷೆಯ ವಿಷಯದಲ್ಲೂ ಭಾಷೆ ಮುಖ್ಯ. ಸರಿಯಾಗಿ ಬಾರದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಗಟ್ಟಿ ನೆನಪಿನವರೂ ತಡವರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳನ್ನು ಐದು ಭಾಷೆಗಳಲ್ಲಿ ಸಿದ್ಧಪಡಿಸಿದೆ. ಅದರಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಆದ್ದರಿಂದ ಹಿರಿಯರಿಗೆ ಸಲೀಸಾದ ಭಾಷೆಯಲ್ಲೇ ಪರೀಕ್ಷೆ ಮಾಡಿ ಎಂದು ಕೇಳಲು ಸಂಕೋಚ ಬೇಡ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮನೆಯ ಹಿರಿಯರು ತೆಗೆದುಕೊಳ್ಳುವ ಎಲ್ಲ ಮದ್ದುಗಳನ್ನು, ಅಂಗಡಿಯಿಂದ ತಾವೇ ತಂದದ್ದನ್ನೂ ಆಯುರ್ವೇದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮರೆವು ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಯಾವ ಮಾತ್ರೆ ಹೊಸದಾಗಿ ಸೇರಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.